ಮೋಟಾರು ಸೈಕಲ್ ಸವಾರನ ಸಂದೇಹ

ಭಾರತದಲ್ಲಿ 2024-25ನೆಯ ಆರ್ಥಿಕ ವರ್ಷದಲ್ಲಿ 11 ಲಕ್ಷಕ್ಕೂ ಹೆಚ್ಚು ವಿದ್ಯುತ್ ದ್ವಿಚಕ್ರ ವಾಹನಗಳು ಮಾರಾಟವಾದವು. ಆ ವರ್ಷ ಮಾರಾಟವಾದ ಪ್ರತಿ ನೂರು ದ್ವಿಚಕ್ರ ವಾಹನಗಳಲ್ಲಿ ಸುಮಾರು ಆರು ವಿದ್ಯುತ್ತಿನಿಂದ ಓಡತಕ್ಕವು. ಈ ಅಂಕಿಗಳನ್ನು ಕಂಡು ಹರ್ಷಪಡುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹೀಗೆ ಮಾರಾಟವಾದುವೆಲ್ಲ ಬಹುಮಟ್ಟಿಗೆ ಸ್ಕೂಟರುಗಳು. ನಮ್ಮ ದೇಶದ ದ್ವಿಚಕ್ರ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮೋಟಾರು ಸೈಕಲ್ಲುಗಳದ್ದಾಗಿದ್ದರೂ ಅವುಗಳಲ್ಲಿ ವಿದ್ಯುತ್ತಿನವು ಲೆಕ್ಕಕ್ಕೆ ಸಿಕ್ಕುವಷ್ಟೂ ಇಲ್ಲ. ಬೆಂಗಳೂರಿನಲ್ಲಿ 2018ರಲ್ಲಿ ಏಥರ್ ಸಂಸ್ಥೆಯ 450 ಎಂಬ ವಿದ್ಯುತ್ ಸ್ಕೂಟರು ಮಾರುಕಟ್ಟೆಗೆ ಬಂದಿತು; 2022ರಲ್ಲಿ ಅದೇ ನಗರದ ಅಲ್ಟ್ರಾವಯೊಲೆಟ್ ಸಂಸ್ಥೆಯು ಎಫ್-77 ಎಂಬ ವಿದ್ಯುತ್ ಮೋಟಾರು ಸೈಕಲ್ಲನ್ನು ಹೊರತಂದಿತು. ವಿದ್ಯುತ್ ಸ್ಕೂಟರು ಇಂದು ಬೀದಿಬೀದಿಯ ನೋಟ. ವಿದ್ಯುತ್ ಮೋಟಾರು ಸೈಕಲ್ಲು ಎದುರಾದರೆ ಜನ ಈಗಲೂ ತಿರುಗಿ ನೋಡುತ್ತಾರೆ.

ಮೋಟಾರು ಸೈಕಲ್ ಸವಾರನು ಹೀಗೆ ದೂರ ನಿಂತಿರುವುದೇಕೆ? ಇದನ್ನು ಹಳೆಯ ಅಭ್ಯಾಸದ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ನಮ್ಮಲ್ಲಿ ಮೋಟಾರು ಸೈಕಲ್ಲು ಬರಿಯ ವಿನೋದದ ವಸ್ತುವಲ್ಲ. ಹಾಲಿನ ಕ್ಯಾನುಗಳನ್ನು ಡೈರಿಗೆ ಒಯ್ಯುವ ರೈತ, ಪಕ್ಕದ ಹೋಬಳಿಯ ಶಾಲೆಗೆ ದಿನವೂ ಹೋಗಿಬರುವ ಮೇಷ್ಟರು, ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವ ತರುಣ ಇವರೆಲ್ಲರ ಜೀವನ ಅದರ ಮೇಲೆ ಸಾಗುತ್ತದೆ. ಲಕ್ಷ ರೂಪಾಯಿಯ ಆಸುಪಾಸಿನ ಬೆಲೆ, ಬ್ಯಾಂಕಿನ ಸಾಲ, ವರ್ಷಗಟ್ಟಲೆ ಕಂತು. ಆಯ್ಕೆಯಲ್ಲಿ ಎಡವಿದರೆ ಸಾಲವೂ ಉಳಿಯುತ್ತದೆ, ಸಂಪಾದನೆಯೂ ನಿಲ್ಲುತ್ತದೆ. ಇಂಥವನು ಪ್ರಶ್ನೆ ಕೇಳಿದರೆ ಅದಕ್ಕೆ ಉತ್ತರ ಕೊಡಬೇಕಾದುದು ನ್ಯಾಯ. ಈ ಪುಟಗಳನ್ನು ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಇನ್ನು ಕೆಲವೇ ವರ್ಷಗಳಲ್ಲಿ ಅಂಗಡಿಯ ಮುಂದೆ ನಿಂತು ಇದೇ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಅವುಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿ ನೋಡೋಣ. ಪ್ರೌಢಶಾಲೆಯಲ್ಲಿ ಕಲಿತ ಭೌತವಿಜ್ಞಾನವೇ ಇದಕ್ಕೆ ಸಾಕಾಗುವುದು.

ಸವಾರನ ಮೊದಲ ಪ್ರಶ್ನೆ ಎಲ್ಲರಿಗೂ ತಿಳಿದದ್ದೇ: "ಒಂದು ಸಲ ತುಂಬಿದರೆ ಎಷ್ಟು ದೂರ ಹೋಗುತ್ತದೆ?"

ಶಕ್ತಿಯನ್ನು ಅಳೆಯಲು ನಮ್ಮ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಬರುವ ಯುನಿಟ್ಟನ್ನೇ ಬಳಸೋಣ. ಸಾವಿರ ವಾಟ್ ಸಾಮರ್ಥ್ಯದ ಉಪಕರಣವೊಂದು ಒಂದು ಗಂಟೆ ಕೆಲಸ ಮಾಡಿದರೆ ಖರ್ಚಾಗುವ ಶಕ್ತಿಯೇ ಒಂದು ಯುನಿಟ್. ಒಂದು ಲೀಟರು ಪೆಟ್ರೋಲನ್ನು ಪೂರ್ಣವಾಗಿ ಉರಿಸಿದರೆ ಹೊರಬರುವ ಶಾಖ ಸುಮಾರು 9 ಯುನಿಟ್. ಪೆಟ್ರೋಲು ನೀರಿಗಿಂತ ಹಗುರವಾದುದರಿಂದ ಲೀಟರೊಂದರ ತೂಕ ಮುಕ್ಕಾಲು ಕಿಲೋಗ್ರಾಂ ಮಾತ್ರ. ಆದುದರಿಂದ ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿ ಸುಮಾರು 12 ಯುನಿಟ್ ಶಕ್ತಿ ಅಡಗಿರುತ್ತದೆ. ಇನ್ನು ಲಿಥಿಯಮ್ ಬ್ಯಾಟರಿಯನ್ನು ತೆಗೆದುಕೊಳ್ಳಿ. ಕೋಶಗಳು, ಅವುಗಳ ಸುತ್ತಲ ಲೋಹದ ಪೆಟ್ಟಿಗೆ, ತಂತಿ, ನಿಯಂತ್ರಕ ಎಲ್ಲವನ್ನೂ ಸೇರಿಸಿ ತೂಗಿದರೆ ಒಂದು ಕಿಲೋಗ್ರಾಮಿಗೆ ದೊರೆಯುವುದು ಸುಮಾರು 0.15 ಯುನಿಟ್. ಎಂಬತ್ತು ಪಟ್ಟು ವ್ಯತ್ಯಾಸ! ಸವಾರನ ಸಂದೇಹದ ಬೇರು ಇಲ್ಲಿಯೇ ಇದೆ.

ಆದರೆ ಇಷ್ಟಕ್ಕೇ ತೀರ್ಪು ಕೊಡುವಂತಿಲ್ಲ. ಪೆಟ್ರೋಲಿನಲ್ಲಿರುವ ಶಕ್ತಿಯೆಲ್ಲ ಚಕ್ರಕ್ಕೆ ಮುಟ್ಟುವುದಿಲ್ಲ. ಶಾಖವನ್ನು ಚಲನೆಯಾಗಿ ಮಾರ್ಪಡಿಸುವ ಯಾವ ಯಂತ್ರವೂ ತನಗೆ ಒದಗಿದ ಶಾಖದ ಒಂದು ಪಾಲನ್ನು ಹೊರಗೆ ಚೆಲ್ಲಲೇಬೇಕೆಂಬುದು ಉಷ್ಣಗತಿವಿಜ್ಞಾನದ ನಿಯಮ. ಸೈಲೆನ್ಸರಿಗೆ ಕಾಲು ತಗಲಿ ಮೀನಖಂಡದ ಮೇಲೆ ಸುಟ್ಟ ಕಲೆ ಮಾಡಿಕೊಂಡವರಿಗೆ ಈ ನಿಯಮದ ಪರಿಚಯ ಚೆನ್ನಾಗಿಯೇ ಇರುತ್ತದೆ. ದಿನಬಳಕೆಯ ಓಡಾಟದಲ್ಲಿ ಪೆಟ್ರೋಲಿನ ಐದನೆಯ ಒಂದು ಪಾಲು ಮಾತ್ರ ಚಕ್ರವನ್ನು ತಿರುಗಿಸುತ್ತದೆಂದು ಸ್ಥೂಲವಾಗಿ ಹೇಳಬಹುದು. ಬ್ಯಾಟರಿಯ ಶಕ್ತಿಯಾದರೋ ನೂರಕ್ಕೆ 85ರಷ್ಟು ಚಕ್ರಕ್ಕೆ ಮುಟ್ಟುತ್ತದೆ. ಈ ತಿದ್ದುಪಾಟು ಮಾಡಿದ ಮೇಲೆ ಎಂಬತ್ತು ಪಟ್ಟಿನ ವ್ಯತ್ಯಾಸ ಸುಮಾರು ಹತ್ತೊಂಬತ್ತು ಪಟ್ಟಿಗೆ ಇಳಿಯುತ್ತದೆ. ಇಳಿಯಿತು ನಿಜ, ಆದರೆ ಅಳಿಯಲಿಲ್ಲ.

ಇದರ ಅರ್ಥವನ್ನು ಇನ್ನೊಂದು ಬಗೆಯಿಂದ ನೋಡಿ. 12 ಲೀಟರು ಹಿಡಿಸುವ ಟ್ಯಾಂಕಿನಲ್ಲಿ 108 ಯುನಿಟ್ ಶಕ್ತಿ ಇರುತ್ತದೆ. ಅದರ ಐದರಲ್ಲೊಂದು ಪಾಲು, ಎಂದರೆ ಸುಮಾರು 21 ಯುನಿಟ್, ಚಕ್ರಕ್ಕೆ ಸಲ್ಲುತ್ತದೆ. ಚಕ್ರಕ್ಕೆ ಅಷ್ಟೇ ಶಕ್ತಿಯನ್ನು ಬ್ಯಾಟರಿಯಿಂದ ಕೊಡಬೇಕಾದರೆ 25 ಯುನಿಟ್ ಹಿಡಿಸುವ ಬ್ಯಾಟರಿ ಬೇಕು. ಅದರ ತೂಕ ಸುಮಾರು 170 ಕಿಲೋಗ್ರಾಂ. ಒಂದು ಸಾಧಾರಣ ಮೋಟಾರು ಸೈಕಲ್ಲಿನ ಇಡೀ ತೂಕವೇ ಅಷ್ಟಿರುವುದಿಲ್ಲ! ಕಾರಿನಲ್ಲಾದರೆ ಇಂಥ ಬ್ಯಾಟರಿಯನ್ನು ನೆಲಹಾಸಿನ ಕೆಳಗೆ ಅಡಗಿಸಬಹುದು; ಎರಡು ಚಕ್ರಗಳ ನಡುವೆ, ಸವಾರನ ಮೊಣಕಾಲುಗಳ ಮಧ್ಯೆ, ಅಷ್ಟು ಜಾಗವೆಲ್ಲಿದೆ?

ಪಂದ್ಯದ ಮೈದಾನದಲ್ಲಿಯೂ ಇದೇ ಕಥೆ. ವಿಶ್ವಮಟ್ಟದ ಮೋಟೋ-ಇ ಪಂದ್ಯಗಳಿಗಾಗಿ ಇಟಲಿಯ ಡುಕಾಟಿ ಸಂಸ್ಥೆ 2023ರಿಂದ ಒದಗಿಸಿದ ವಿದ್ಯುತ್ ಮೋಟಾರು ಸೈಕಲ್ಲಿನ ಒಟ್ಟು ತೂಕ 225 ಕಿಲೋಗ್ರಾಂ. ಅದರಲ್ಲಿ 18 ಯುನಿಟ್ಟಿನ ಬ್ಯಾಟರಿಯೇ 110 ಕಿಲೋಗ್ರಾಂ. 2019ರಲ್ಲಿ ಆರಂಭವಾದ ಈ ಪಂದ್ಯಮಾಲೆಯನ್ನು 2025ರ ಋತುವಿನ ಬಳಿಕ ನಿಲ್ಲಿಸಲಾಯಿತು. ಇದಕ್ಕಿಂತ ಹೆಚ್ಚು ಬೋಧಪ್ರದವಾದುದು ಬ್ರಿಟನ್ನಿನ ಬಳಿಯ ಮ್ಯಾನ್ ದ್ವೀಪದ ಪ್ರಸಿದ್ಧ ಪಂದ್ಯ. ಅಲ್ಲಿ ಒಂದು ಸುತ್ತಿನ ಉದ್ದ 60 ಕಿಲೋಮೀಟರಿಗಿಂತ ತುಸು ಹೆಚ್ಚು. 2019ರಲ್ಲಿ ಮೈಕೆಲ್ ರಟ್ಟರ್ ಎಂಬ ಸವಾರನು ವಿದ್ಯುತ್ ಮೋಟಾರು ಸೈಕಲ್ಲಿನ ಮೇಲೆ ಆ ಸುತ್ತನ್ನು ಗಂಟೆಗೆ ಸುಮಾರು 196 ಕಿಲೋಮೀಟರ್ ಸರಾಸರಿ ವೇಗದಲ್ಲಿ ಮುಗಿಸಿದನು. ಅದರ ಹಿಂದಿನ ವರ್ಷ ಪೆಟ್ರೋಲ್ ಬಂಡಿಯ ಮೇಲೆ ಪೀಟರ್ ಹಿಕ್‌ಮನ್ ಸಾಧಿಸಿದ ವೇಗ ಸುಮಾರು 218 ಕಿಲೋಮೀಟರ್. ವೇಗದಲ್ಲಿ ಅಂತರ ಅಷ್ಟೇನೂ ದೊಡ್ಡದಲ್ಲ. ಆದರೆ ಪೆಟ್ರೋಲ್ ಬಂಡಿಗಳ ಮುಖ್ಯ ಪಂದ್ಯ ಆರು ಸುತ್ತುಗಳದ್ದು. ವಿದ್ಯುತ್ ಬಂಡಿಗಳ ಪಂದ್ಯ ಒಂದೇ ಸುತ್ತಿನದಾಗಿತ್ತು.

ಗಾಳಿಯ ಅಡ್ಡಿ

ಹಾಗಾದರೆ ಸ್ಕೂಟರುಗಳು ಹೇಗೆ ಗೆದ್ದವು? ಅವುಗಳ ಬ್ಯಾಟರಿ ಸಾಮಾನ್ಯವಾಗಿ 3-4 ಯುನಿಟ್ಟಿನದಷ್ಟೆ. ಉತ್ತರ ಬ್ಯಾಟರಿಯಲ್ಲಿಲ್ಲ, ಗಾಳಿಯಲ್ಲಿದೆ. ವಿದ್ಯಾರ್ಥಿಗಳು ಈ ಭಾಗವನ್ನು ಕಾಗದ ಪೆನ್ಸಿಲು ಹಿಡಿದು ಓದುವುದು ಒಳ್ಳೆಯದು.

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವ ಬಂಡಿಗೆ ಎರಡು ಅಡ್ಡಿಗಳು. ಮೊದಲನೆಯದು ಟೈರು ಉರುಳುವಾಗ ಅಮುಕಿ ಅರಳುವುದರಿಂದ ಆಗುವ ಅಡ್ಡಿ. ಬಂಡಿ, ಸವಾರ ಸೇರಿ 230 ಕಿಲೋಗ್ರಾಂ ತೂಗಿದರೆ ಇದು ಸುಮಾರು 40 ನ್ಯೂಟನ್. ವೇಗ ಹೆಚ್ಚಿದರೂ ಇದು ಹೆಚ್ಚು ಬದಲಾಗದು. ಎರಡನೆಯದು ಗಾಳಿಯ ಅಡ್ಡಿ. ಇದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಅಡ್ಡಿ ನಾಲ್ಕರಷ್ಟಾಗುತ್ತದೆ. ನೆಟ್ಟಗೆ ಕುಳಿತ ಸವಾರನು ಗಾಳಿಯ ದೃಷ್ಟಿಯಿಂದ ನೋಡಿದರೆ ಒಂದು ನಿಲ್ಲಿಸಿದ ಹಲಗೆಯಂತೆ. ಸಾಧಾರಣ ಮೋಟಾರು ಸೈಕಲ್ಲಿಗೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಈ ಅಡ್ಡಿ ಸುಮಾರು 37 ನ್ಯೂಟನ್, 80ರಲ್ಲಿ 148, 100ರಲ್ಲಿ 231 ನ್ಯೂಟನ್ ಎಂದು ಲೆಕ್ಕಹಾಕಬಹುದು.

ಬಲವನ್ನು ದೂರದಿಂದ ಗುಣಿಸಿದರೆ ಕೆಲಸ. ಆದುದರಿಂದ 40ರ ವೇಗದಲ್ಲಿ ಒಂದು ಕಿಲೋಮೀಟರು ಸಾಗಲು 77 ಸಾವಿರ ಜೂಲ್, ಎಂದರೆ ಸುಮಾರು 21 ವಾಟ್-ಗಂಟೆ ಶಕ್ತಿ ಚಕ್ರದಲ್ಲಿ ಬೇಕು. ಮೋಟಾರು ಮೊದಲಾದುವುಗಳಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಬ್ಯಾಟರಿಯಿಂದ 25 ವಾಟ್-ಗಂಟೆ. 80ರ ವೇಗದಲ್ಲಿ ಇದೇ ಲೆಕ್ಕ 61 ವಾಟ್-ಗಂಟೆಗೂ, 100ರ ವೇಗದಲ್ಲಿ 88 ವಾಟ್-ಗಂಟೆಗೂ ಏರುತ್ತದೆ. 4 ಯುನಿಟ್, ಎಂದರೆ 4000 ವಾಟ್-ಗಂಟೆಯ ಬ್ಯಾಟರಿಯನ್ನು ಈ ಸಂಖ್ಯೆಗಳಿಂದ ಭಾಗಿಸಿ ನೋಡಿ. 40ರ ವೇಗದಲ್ಲಿ 160 ಕಿಲೋಮೀಟರು, 80ರಲ್ಲಿ 65, 100ರಲ್ಲಿ ಬರಿಯ 45. ಬ್ಯಾಟರಿ ಅದೇ, ಬಂಡಿ ಅದೇ, ಸವಾರನೂ ಅವನೇ.

ಊರೊಳಗೆ ಮೇಲಿಂದ ಮೇಲೆ ನಿಂತು ಹೊರಡಬೇಕಾಗುವುದರಿಂದ ಇನ್ನಷ್ಟು ಖರ್ಚಾಗುತ್ತದೆ. 40ರ ವೇಗ ಪಡೆದ ನಮ್ಮ ಬಂಡಿಯ ಚಲನಶಕ್ತಿ ಸುಮಾರು 4 ವಾಟ್-ಗಂಟೆ. ಪ್ರತಿ ಸಿಗ್ನಲ್ಲಿನಲ್ಲಿಯೂ ಅಷ್ಟು ಶಕ್ತಿ ಬ್ರೇಕಿನಲ್ಲಿ ಕರಗುತ್ತದೆ. ವಿದ್ಯುತ್ ಬಂಡಿ ಬ್ರೇಕು ಹಿಡಿಯುವಾಗ ಮೋಟಾರನ್ನೇ ಜನಕಯಂತ್ರವಾಗಿ ತಿರುಗಿಸಿ ಅದರ ಒಂದಂಶವನ್ನು ಹಿಂದಕ್ಕೆ ಪಡೆಯುತ್ತದೆ. ಎಲ್ಲವನ್ನೂ ಕೂಡಿ ಕಳೆದರೆ ಪೇಟೆಯ ಓಡಾಟಕ್ಕೆ ಕಿಲೋಮೀಟರಿಗೆ 35 ವಾಟ್-ಗಂಟೆ ಎಂದಿಟ್ಟುಕೊಳ್ಳೋಣ. 4 ಯುನಿಟ್ಟಿಗೆ ನೂರಕ್ಕೂ ಹೆಚ್ಚು ಕಿಲೋಮೀಟರು ಆಯಿತು. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರು ತಿರುಗುವವನಿಗೆ ಧಾರಾಳವಾಗಿ ಸಾಕು. ಸ್ಕೂಟರು ಗೆದ್ದ ಗುಟ್ಟು ಇದು.

ಇಲ್ಲಿ ಒಂದು ಕುತೂಹಲದ ಪ್ರಶ್ನೆ ಏಳುತ್ತದೆ. ಗಾಳಿಯು ಪೆಟ್ರೋಲ್ ಬಂಡಿಯನ್ನೂ ಇಷ್ಟೇ ತಡೆಯುತ್ತದಲ್ಲವೆ? ಆದರೂ ನಮ್ಮ ಸವಾರರೆಲ್ಲ "ಹೆದ್ದಾರಿಯಲ್ಲಿ ಮೈಲೇಜು ಚೆನ್ನಾಗಿ ಬರುತ್ತದೆ" ಎನ್ನುವರಲ್ಲ? ಅವರ ಮಾತೂ ಸುಳ್ಳಲ್ಲ. ಪೆಟ್ರೋಲ್ ಎಂಜಿನ್ನಿಗೆ ಹಗುರವಾದ ಕೆಲಸ ಒಗ್ಗುವುದಿಲ್ಲ. ನಿಧಾನವಾಗಿ ಓಡುವಾಗ ಬಹುಪಾಲು ಪೆಟ್ರೋಲು ತನ್ನದೇ ಘರ್ಷಣೆಯನ್ನು ಮೀರಲು, ಅರ್ಧ ಮುಚ್ಚಿದ ಬಾಯಿಯಿಂದ ಗಾಳಿಯನ್ನು ಹೀರಲು ವ್ಯಯವಾಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗಲಂತೂ ಅದು ಒಂದಡಿ ಮುಂದೆ ಹೋಗದೆ ಉರಿಯುತ್ತಿರುತ್ತದೆ. ಹೊರೆ ಏರಿದಂತೆ ಅದರ ದಕ್ಷತೆಯೂ ಏರುತ್ತದೆ. 40ರ ವೇಗದಲ್ಲಿ ಲೀಟರಿಗೆ 60 ಕಿಲೋಮೀಟರು ಕೊಡುವ ಬಂಡಿ 80ರ ವೇಗದಲ್ಲಿ 45 ಕೊಡುತ್ತದೆಂದು ಭಾವಿಸಿ. ಚಕ್ರದ ಕೆಲಸ ಎರಡೂವರೆ ಪಟ್ಟಾಗಿದೆ, ಪೆಟ್ರೋಲಿನ ಖರ್ಚು ಮೂರನೆಯ ಒಂದು ಪಾಲು ಮಾತ್ರ ಹೆಚ್ಚಿದೆ. ದಕ್ಷತೆ ನೂರಕ್ಕೆ 14ರಿಂದ 26ಕ್ಕೆ ಏರಿದುದೇ ಇದಕ್ಕೆ ಕಾರಣ. ಎಂದರೆ, ಎಂಜಿನ್ನಿನ ದೋಷವೊಂದು ಗಾಳಿಯ ಅಡ್ಡಿಯನ್ನು ಸವಾರನ ಕಣ್ಣಿನಿಂದ ಮರೆಮಾಡಿತ್ತು. ಮೂರು ತಲೆಮಾರಿನ ಸವಾರರು ಗಾಳಿಗೆ ತೆರುವ ಕಂದಾಯವನ್ನು ಕಾಣದೆಯೇ ಸವಾರಿ ಮಾಡಿದರು. ಎಲ್ಲ ವೇಗಗಳಲ್ಲಿಯೂ ಹೆಚ್ಚು ಕಡಿಮೆ ಒಂದೇ ದಕ್ಷತೆಯುಳ್ಳ ವಿದ್ಯುತ್ ಮೋಟಾರು ಬಂದು ಆ ಲೆಕ್ಕವನ್ನು ಬಯಲಿಗೆ ತಂದಿತು.

"ನೂರೈವತ್ತು ಅಂದರು, ಎಂಬತ್ತೂ ಬರಲಿಲ್ಲ" ಎಂಬ ದೂರು ಹುಟ್ಟುವುದು ಹೀಗೆ. ನಮ್ಮ ದೇಶದಲ್ಲಿ ಪ್ರಕಟವಾಗುವ ದೂರದ ಅಂಕಿಗಳ ಪಕ್ಕದಲ್ಲಿ ಐ.ಡಿ.ಸಿ. ಎಂಬ ಮೂರಕ್ಷರ ಇರುವುದನ್ನು ವಾಚಕರು ಕಂಡಿರಬಹುದು. ಅದು ಭಾರತೀಯ ಚಾಲನಾ ಚಕ್ರವೆಂಬ ಪರೀಕ್ಷೆ. 108 ಸೆಕೆಂಡುಗಳ ಈ ಚಕ್ರದಲ್ಲಿ ಗರಿಷ್ಠ ವೇಗ ಗಂಟೆಗೆ 42 ಕಿಲೋಮೀಟರು. ಸರಾಸರಿ ವೇಗ ಸುಮಾರು 22. ಪೇಟೆಯ ಸಂದಣಿಯ ಮಟ್ಟಿಗೆ ಇದು ಅಸಂಗತವಲ್ಲ. ಆದರೆ ಮೈಸೂರಿನ ಹೆದ್ದಾರಿಗೂ ಇದಕ್ಕೂ ಸಂಬಂಧವಿಲ್ಲ. ಎಫ್-77ರ 10.3 ಯುನಿಟ್ ಬ್ಯಾಟರಿಯ ಮಾದರಿಗೆ ಈ ಪರೀಕ್ಷೆಯಂತೆ ಪ್ರಕಟವಾದ ದೂರ 323 ಕಿಲೋಮೀಟರು. ನಮ್ಮ ಮೇಲಿನ ಲೆಕ್ಕದ ಪ್ರಕಾರ 80ರಿಂದ 100ರ ವೇಗದಲ್ಲಿ ಅಷ್ಟು ಶಕ್ತಿಯಿಂದ ಸಾಗಬಹುದಾದುದು ಸುಮಾರು 120ರಿಂದ 170 ಕಿಲೋಮೀಟರು. ಬೆಂಗಳೂರಿನಿಂದ ಮೈಸೂರಿಗೆ 145 ಕಿಲೋಮೀಟರಿನಷ್ಟು ದೂರ. 80ರಲ್ಲಿ ಹೋದವನು ಮುಟ್ಟುತ್ತಾನೆ. 100ರಲ್ಲಿ ಹೋದವನು ಶ್ರೀರಂಗಪಟ್ಟಣ ಸೇರುವುದರೊಳಗೆ ಪ್ಲಗ್ಗು ಹುಡುಕಬೇಕಾದೀತು. ಎರಡು ಅಂಕಿಗಳೂ ಸುಳ್ಳಲ್ಲ. ಕೊಳ್ಳುವವನಿಗೆ ಒಂದನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ತೋರಿಸುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಮೋಟಾರು ಸೈಕಲ್ಲನ್ನು ದೂರಪ್ರಯಾಣಕ್ಕೆಂದೇ ಕೊಳ್ಳುವವನ ಸಂದೇಹಕ್ಕೆ ಇಲ್ಲಿ ಪೂರ್ಣ ಅಂಕ ಕೊಡಬೇಕು.

ಆದರೆ ಇದೇ ಸವಾರ ಹೆದರುವ ಇನ್ನೊಂದು ಕಡೆ ಅವನ ಭಯ ಸ್ಥಾನ ತಪ್ಪಿದೆ. "ಘಟ್ಟ ಹತ್ತುವಾಗ ಬ್ಯಾಟರಿ ಬರಿದಾಗುತ್ತದೆ" ಎನ್ನುತ್ತಾನೆ. ಸೋಮೇಶ್ವರದಿಂದ ಆಗುಂಬೆಗೆ ಏರುವ ತಿರುವುಗಳನ್ನು ನೆನೆಯಿರಿ. ಎತ್ತರವನ್ನು ಸುಮಾರು 500 ಮೀಟರು ಎಂದಿಟ್ಟುಕೊಳ್ಳೋಣ. 230 ಕಿಲೋಗ್ರಾಮನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ, ತೂಕ ಗುಣಿಸು ಎತ್ತರ, ಸುಮಾರು 11 ಲಕ್ಷ ಜೂಲ್. ಯುನಿಟ್ಟಿನ ಲೆಕ್ಕದಲ್ಲಿ ಮೂರನೆಯ ಒಂದು ಪಾಲಿಗೂ ಕಡಿಮೆ. ನಷ್ಟಗಳನ್ನು ಸೇರಿಸಿದರೂ 4 ಯುನಿಟ್ಟಿನ ಬ್ಯಾಟರಿಯ ಹತ್ತನೆಯ ಒಂದು ಪಾಲಿನೊಳಗೇ ಆಗುಂಬೆಯ ಘಟ್ಟ ಮುಗಿಯುತ್ತದೆ. ತಿರುವುಗಳಿಂದಾಗಿ ವೇಗವೂ ತಗ್ಗುವುದರಿಂದ ಗಾಳಿಯ ಕಾಟ ಇಲ್ಲ. ಇಳಿಯುವಾಗ ಸ್ವಲ್ಪ ಶಕ್ತಿ ಹಿಂದಕ್ಕೂ ಬರುತ್ತದೆ. ಬಯಲುಸೀಮೆಯ ನೆಟ್ಟನೆಯ ಹೆದ್ದಾರಿಯೇ ಬ್ಯಾಟರಿಯ ನಿಜವಾದ ಘಟ್ಟ. ಮಳೆನೀರಿನ ಭಯವೂ ಇಂಥದೇ. ಬ್ಯಾಟರಿಯ ಪೆಟ್ಟಿಗೆಗೆ ನೀರು ಹೋಗದಂತೆ ಮುದ್ರೆಯಿರುತ್ತದೆ. ಉಸಿರಾಡಲು ಗಾಳಿ ಬೇಕಾದ ಪೆಟ್ರೋಲ್ ಎಂಜಿನ್ನೇ ಮಂಡಿಯುದ್ದ ನೀರಿನಲ್ಲಿ ಮೊದಲು ಕೆಮ್ಮಿ ನಿಲ್ಲುವುದು.

ಪೆಟ್ರೋಲ್ ಬಂಕೂ ಗೋಡೆಯ ಪ್ಲಗ್ಗೂ

ದೂರ ಕಡಿಮೆಯಾದರೇನು, ದಾರಿಯಲ್ಲಿ ತುಂಬಿಸಿಕೊಳ್ಳಬಹುದಲ್ಲ ಎಂದು ಕೇಳಬಹುದು. ಪೆಟ್ರೋಲ್ ಬಂಕಿನ ಕೊಳವೆಯನ್ನು ನಾವು ಎಂದೂ ವಿದ್ಯುತ್ತಿನ ದೃಷ್ಟಿಯಿಂದ ನೋಡಿದವರಲ್ಲ. ನಿಮಿಷಕ್ಕೆ 30 ಲೀಟರು ಸುರಿಯುವ ಕೊಳವೆ ನಿಮಿಷಕ್ಕೆ 270 ಯುನಿಟ್ ಶಕ್ತಿಯನ್ನು ಸಾಗಿಸುತ್ತದೆ. ಸಾಮರ್ಥ್ಯದ ಲೆಕ್ಕದಲ್ಲಿ ಇದು 16 ಮೆಗಾವಾಟ್. ಕೈಗಾದ ಪರಮಾಣು ವಿದ್ಯುದಾಗಾರದ ಒಂದೊಂದು ರಿಯಾಕ್ಟರಿನ ಸಾಮರ್ಥ್ಯ 220 ಮೆಗಾವಾಟ್. ಅಂಥ ರಿಯಾಕ್ಟರೊಂದು ಹದಿನಾಲ್ಕು ಪೆಟ್ರೋಲ್ ಕೊಳವೆಗಳಿಗೆ ಸಮ! ಇದಕ್ಕೆ ಎದುರಾಗಿ ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ಹೆಚ್ಚೆಂದರೆ ಮೂರೂವರೆ ಕಿಲೋವಾಟ್ ದೊರೆಯುತ್ತದೆ. ಸ್ಕೂಟರಿನ ಜೊತೆಗೆ ಬರುವ ಚಾರ್ಜರು ಸಾಮಾನ್ಯವಾಗಿ ಅಷ್ಟನ್ನೂ ಬಳಸದು. 4 ಯುನಿಟ್ ತುಂಬಲು ಐದಾರು ಗಂಟೆ ಹಿಡಿಯುತ್ತದೆ.

ಸ್ವಂತ ಮನೆ, ಅಂಗಳದಲ್ಲಿ ಪ್ಲಗ್ಗು ಉಳ್ಳವನಿಗೆ ಇದು ತೊಂದರೆಯೇ ಅಲ್ಲ. ಮಲಗಿ ಏಳುವಷ್ಟರಲ್ಲಿ ಬಂಡಿ ಸಿದ್ಧ. ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿ ಇರುತ್ತ ಬಂಡಿಯನ್ನು ಬೀದಿಯಲ್ಲಿ ನಿಲ್ಲಿಸುವವನ ಗತಿ ಬೇರೆ. ಅವನು ಮಾಲೀಕರ ಮುಂದೆ ನಿಂತು ಪ್ಲಗ್ಗಿಗೆ ಅನುಮತಿ ಕೇಳಬೇಕು. ಬರಿದಾದ ಬ್ಯಾಟರಿಯನ್ನು ಕೊಟ್ಟು ತುಂಬಿದ್ದನ್ನು ಪಡೆಯುವ ಏರ್ಪಾಡು ತೈವಾನಿನಲ್ಲಿ ಗೊಗೊರೊ ಎಂಬ ಸಂಸ್ಥೆಯಿಂದ 2015ರಲ್ಲಿ ಆರಂಭವಾಗಿ ಚೆನ್ನಾಗಿ ಬೇರೂರಿತು. ಬೆಂಗಳೂರಿನಲ್ಲಿಯೂ ಇಂಥ ಬದಲಾವಣೆಯ ಕೇಂದ್ರಗಳು ಇವೆ. ಆದರೆ ಕೈಯಿಂದ ಎತ್ತಿ ಬದಲಾಯಿಸಬಹುದಾದ ಬ್ಯಾಟರಿ ಹತ್ತು ಹನ್ನೆರಡು ಕಿಲೋಗ್ರಾಮಿನದಾಗಿರಬೇಕು. ಅದು ಮತ್ತೆ ಸ್ಕೂಟರಿಗೇ ಹೊಂದುವ ಪರಿಹಾರ.

ಹಣದ ಲೆಕ್ಕ ಮಾತ್ರ ನಿಸ್ಸಂದೇಹವಾಗಿ ವಿದ್ಯುತ್ತಿನ ಪರ. ಚಾರ್ಜರಿನ ನಷ್ಟವನ್ನು ಸೇರಿಸಿ ಪೇಟೆಯಲ್ಲಿ ನೂರು ಕಿಲೋಮೀಟರಿಗೆ 4.2 ಯುನಿಟ್ ಬೇಕು. ಯುನಿಟ್ಟಿಗೆ 7 ರೂಪಾಯಿಯಂತೆ ಸುಮಾರು 30 ರೂಪಾಯಿ. ಲೀಟರಿಗೆ 45 ಕಿಲೋಮೀಟರು ಕೊಡುವ ಪೆಟ್ರೋಲ್ ಬಂಡಿಗೆ, ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೂ, 220 ರೂಪಾಯಿ. ದಿನವಿಡೀ ತಿರುಗಿ ಊಟ ಮುಟ್ಟಿಸುವ ತರುಣರು ವಿದ್ಯುತ್ ಬಂಡಿಗಳಿಗೆ ಮೊದಲು ಒಲಿದುದರಲ್ಲಿ ಆಶ್ಚರ್ಯವಿಲ್ಲ.

ಬ್ಯಾಟರಿಯ ಬಾಳಿಕೆಯ ವಿಷಯದಲ್ಲಿ ಸವಾರನಿಗೆ ಹಳೆಯ ನೆನಪೊಂದು ಅಡ್ಡಬರುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಊರುಗಳಿಗೆ ಬಂದ ವಿದ್ಯುತ್ ಸ್ಕೂಟರುಗಳಲ್ಲಿದ್ದುದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಸಾಧನದ ವಂಶಜ. ತೂಕ ವಿಪರೀತ, ಆಯುಸ್ಸು ಅಲ್ಪ. ಒಂದೆರಡು ವರ್ಷಗಳಲ್ಲಿಯೇ ಬ್ಯಾಟರಿ ಸತ್ತು ಬಂಡಿ ಮೂಲೆಗೆ ಸೇರಿದುದನ್ನು ಕಂಡವರು ಊರಿಗೊಬ್ಬರಾದರೂ ಇದ್ದಾರೆ. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಮ್-ಅಯಾನ್ ಕೋಶದ ಸ್ವಭಾವ ಬೇರೆ. ಅದರ ಹಿಂದಿನ ಸಂಶೋಧನೆಗಾಗಿ ಗುಡ್‌ಎನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರಿಗೆ 2019ರ ರಸಾಯನವಿಜ್ಞಾನದ ನೊಬೆಲ್ ಬಹುಮಾನ ಸಂದಿತು. ಚೆನ್ನಾಗಿ ನೋಡಿಕೊಂಡ ಕೋಶ ಸಾವಿರದಷ್ಟು ಸಲ ತುಂಬಿ ಬರಿದಾದ ಮೇಲೂ ತನ್ನ ಧಾರಣಶಕ್ತಿಯ ಬಹುಭಾಗವನ್ನು ಉಳಿಸಿಕೊಳ್ಳುತ್ತದೆ. "ಚೆನ್ನಾಗಿ ನೋಡಿಕೊಂಡ" ಎಂಬ ಮಾತಿಗೆ ತೂಕವಿದೆ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಉರಿಬಿಸಿಲಿಗೆ ನಿಲ್ಲಿಸಿದ ಬಂಡಿಯನ್ನು ಹಾಗೆಯೇ ತಂದು ಚಾರ್ಜಿಗೆ ಹಾಕುವುದು ಕೋಶಗಳಿಗೆ ಹಿತವಲ್ಲ, ತಣಿಯಲು ಬಿಡಬೇಕು.

ಬೆಂಕಿಯ ಭಯ ಕಟ್ಟುಕಥೆಯಲ್ಲ. 2022ರ ಬೇಸಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದವು, ಪ್ರಾಣಹಾನಿಯೂ ಆಯಿತು. ಕೋಶವೊಂದು ಮಿತಿಮೀರಿ ಕಾದರೆ ಅದರೊಳಗಿನ ಪದಾರ್ಥಗಳು ತಾವಾಗಿಯೇ ವಿಭಜನೆಗೊಂಡು ಇನ್ನಷ್ಟು ಶಾಖವನ್ನು ಬಿಡುತ್ತವೆ. ಆ ಶಾಖ ಪಕ್ಕದ ಕೋಶಕ್ಕೆ ಹಬ್ಬುತ್ತದೆ. ಒಣಹುಲ್ಲಿನ ಬಣವೆಗೆ ಕಿಡಿ ಬಿದ್ದಂತೆ ಇದು ಸಾಲುಸಾಲಾಗಿ ಸಾಗುತ್ತದೆ. ಆ ಘಟನೆಗಳ ನಂತರ ಎ.ಐ.ಎಸ್. 156 ಎಂಬ ಸುರಕ್ಷಾ ನಿಯಮವನ್ನು ಬಿಗಿಗೊಳಿಸಿ 2022ರ ಡಿಸೆಂಬರಿನಿಂದ ಹಂತಹಂತವಾಗಿ ಜಾರಿಗೆ ತರಲಾಯಿತು. ಕೊಳ್ಳುವವನು ಆ ನಿಯಮಕ್ಕೆ ಒಳಪಟ್ಟ ಬಂಡಿಯೇ ಎಂದು ಕೇಳಿ ತಿಳಿಯುವುದು, ತಯಾರಕರದಲ್ಲದ ಅಗ್ಗದ ಚಾರ್ಜರನ್ನು ಬಳಸದಿರುವುದು ಅವಶ್ಯ.

"ವಿದ್ಯುತ್ತನ್ನೂ ಕಲ್ಲಿದ್ದಲು ಸುಟ್ಟೇ ತಯಾರಿಸುವುದು, ಹೊಗೆ ಇಲ್ಲಿ ಬಿಡುವ ಬದಲು ಅಲ್ಲಿ ಬಿಟ್ಟಂತಾಯಿತು" ಎಂಬ ಮಾತನ್ನು ವಿದ್ಯುತ್ತಿನ ಪಕ್ಷದವರು ನಕ್ಕು ತಳ್ಳುವುದುಂಟು. ತಳ್ಳತಕ್ಕದ್ದಲ್ಲ. ಭಾರತದ ಒಟ್ಟು ವಿದ್ಯುಜ್ಜಾಲದಲ್ಲಿ ಒಂದು ಯುನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ತಂತಿಗಳಲ್ಲಿನ ನಷ್ಟವನ್ನೂ ಸೇರಿಸಿದರೆ ನಮ್ಮ ಪೇಟೆಯ ಬಂಡಿಗೆ ಕಿಲೋಮೀಟರಿಗೆ 50 ವಾಟ್-ಗಂಟೆ ಉತ್ಪಾದಿಸಬೇಕು. ಅದರ ಪಾಲಿನ ಅನಿಲ 35 ಗ್ರಾಂ. ಒಂದು ಲೀಟರು ಪೆಟ್ರೋಲು ಉರಿದರೆ 2.3 ಕಿಲೋಗ್ರಾಂ, ಲೀಟರಿಗೆ 45 ಕಿಲೋಮೀಟರಿನಂತೆ 51 ಗ್ರಾಂ. ಉಳಿತಾಯ 16 ಗ್ರಾಂ, ಎಂದರೆ ಮೂರನೆಯ ಒಂದು ಪಾಲು. (ಎಣ್ಣೆಯನ್ನು ನೆಲದಿಂದ ತೆಗೆದು ಶುದ್ಧೀಕರಿಸುವ ಖರ್ಚನ್ನು ಇಲ್ಲಿ ಹಿಡಿದಿಲ್ಲ.) ಬ್ಯಾಟರಿಯ ತಯಾರಿಕೆಯಲ್ಲಿ ಪ್ರತಿ ಯುನಿಟ್ಟಿಗೆ 60ರಿಂದ 100 ಕಿಲೋಗ್ರಾಂ ಅನಿಲ ಬಿಡುಗಡೆಯಾಗುವುದೆಂದು ಅಂದಾಜು. ಆ ಸಾಲ ತೀರಬೇಕಾದರೆ ಬಂಡಿ ಹದಿನೈದರಿಂದ ಇಪ್ಪತ್ತೈದು ಸಾವಿರ ಕಿಲೋಮೀಟರು ಓಡಬೇಕು. ಪೆಟ್ರೋಲ್ ಕಾರುಗಳಿಗಿಂತ ನಮ್ಮ ಸಣ್ಣ ಮೋಟಾರು ಸೈಕಲ್ಲುಗಳು ಮೊದಲೇ ಮಿತವ್ಯಯಿಗಳಾದುದರಿಂದ ಲಾಭ ಇಷ್ಟು ಕಿರಿದಾಗಿ ಕಾಣುತ್ತದೆ. ಬೀದಿಯ ಗಾಳಿಯ ಮಾತು ಬೇರೆ. ಸಿಗ್ನಲ್ಲಿನಲ್ಲಿ ನಿಂತ ಮಕ್ಕಳ ಮೂಗಿನ ಮುಂದೆ ಬಿಡುವ ಹೊಗೆ ಅಷ್ಟರಮಟ್ಟಿಗೆ ಇಲ್ಲವಾಗುತ್ತದೆ.

ಶಿವನಸಮುದ್ರದ ನೀರಿನಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಒದಗಿಸಿದ ನಾಡು ನಮ್ಮದು. ಶರಾವತಿಯ ನೀರು, ಪಾವಗಡದ 2050 ಮೆಗಾವಾಟ್ ಸೌರ ವಿದ್ಯುದಾಗಾರ, ಚಿತ್ರದುರ್ಗ, ಗದಗಗಳ ಗಾಳಿಯಂತ್ರಗಳು ಇರುವುದರಿಂದ ನಮ್ಮ ಲೆಕ್ಕ ದೇಶದ ಸರಾಸರಿಗಿಂತ ಮೇಲು. ಆದರೆ ಪಾವಗಡದಲ್ಲಿ ವಿದ್ಯುತ್ತು ಹುಟ್ಟುವುದು ಹಗಲಿನಲ್ಲಿ. ಸವಾರನು ಬಂಡಿಯನ್ನು ಪ್ಲಗ್ಗಿಗೆ ಸಿಕ್ಕಿಸುವುದು ರಾತ್ರಿ. ಕಚೇರಿ, ಕಾಲೇಜುಗಳ ಸೈಕಲ್ ಸ್ಟ್ಯಾಂಡಿನಲ್ಲಿ ಪ್ಲಗ್ಗುಗಳಿದ್ದರೆ ಈ ಲೆಕ್ಕ ಇನ್ನೂ ಸುಧಾರಿಸುತ್ತಿತ್ತು.

ಗೇರು, ಕ್ಲಚ್ಚು, ಸದ್ದು

ಕಡೆಯ ಸಂದೇಹವನ್ನು ಸವಾರನು ಸಾಮಾನ್ಯವಾಗಿ ಗಟ್ಟಿಯಾಗಿ ಹೇಳುವುದಿಲ್ಲ. ವಿದ್ಯುತ್ ಬಂಡಿಗೆ ಗೇರಿಲ್ಲ, ಕ್ಲಚ್ಚಿಲ್ಲ, ಸದ್ದಿಲ್ಲ. ಅದರಲ್ಲಿ ಸವಾರನಿಗೆ ಮಾಡಲು ಕೆಲಸವೇನು?

ಗೇರು ಇರುವುದೇಕೆಂದು ವಿಚಾರಿಸಿದರೆ ವಿನೋದವಾದ ಸಂಗತಿ ಹೊರಬೀಳುತ್ತದೆ. ಪೆಟ್ರೋಲ್ ಎಂಜಿನ್ನು ನಿಂತಲ್ಲಿಂದ ತಾನಾಗಿ ಹೊರಡಲಾರದು. ನಿಮಿಷಕ್ಕೆ ಸಾವಿರದಷ್ಟು ಸುತ್ತಾದರೂ ತಿರುಗುತ್ತಿರದಿದ್ದರೆ ಅದು ಆರಿಹೋಗುತ್ತದೆ. ತಿರುಗುವ ಎಂಜಿನ್ನನ್ನು ನಿಂತ ಚಕ್ರಕ್ಕೆ ಮೆಲ್ಲನೆ ಜೋಡಿಸಲು ಕ್ಲಚ್ಚು ಬೇಕು. ಕಡಿಮೆ ವೇಗದಲ್ಲಿ ಅದರ ತಿರುಚುಬಲ ಸಾಲದುದರಿಂದ ಗೇರು ಬೇಕು. ವಿದ್ಯುತ್ ಮೋಟಾರಿನಲ್ಲಿ ಅಯಸ್ಕಾಂತದ ಸೆಳೆತ ನಿಂತಲ್ಲಿಯೇ ಪೂರ್ಣವಾಗಿ ದೊರೆಯುತ್ತದೆ. ವೇಗ ಏರಿದ ಮೇಲೆ ಮೋಟಾರಿನೊಳಗೇ ಹುಟ್ಟುವ ಎದುರು ವಿದ್ಯುದ್ಬಲದಿಂದ ಅದು ಕುಗ್ಗುತ್ತದೆ. ಆದುದರಿಂದ ಸವಾರನು ತನ್ನ ಕೌಶಲವೆಂದು ಹೆಮ್ಮೆಪಡುವ ಕ್ಲಚ್ಚು-ಗೇರುಗಳ ಮೇಳ ಎಂಜಿನ್ನಿನ ಒಂದು ಕೊರತೆಯನ್ನು ತುಂಬಲು ಹುಟ್ಟಿದ್ದು. ಹಾಗೆಂದು ಆ ಕೌಶಲ ಹುಸಿಯೆನ್ನಲಾಗದು. ಸಂತೆಯ ಸಂದಣಿಯಲ್ಲಿ ಅರ್ಧ ಕ್ಲಚ್ಚು ಹಿಡಿದು ನಡಿಗೆಯ ವೇಗದಲ್ಲಿ ಬಂಡಿಯನ್ನು ತೇಲಿಸಿಕೊಂಡು ಹೋಗುವವನ ಬೆರಳುಗಳಲ್ಲಿರುವ ಸೂಕ್ಷ್ಮತೆಯನ್ನು ವಿದ್ಯುತ್ ಬಂಡಿಯಲ್ಲಿ ಗಣಕದ ಚಿಪ್ಪೊಂದು ಒದಗಿಸಬೇಕು. ಎಲ್ಲ ತಯಾರಕರೂ ಅದನ್ನು ಸಮನಾಗಿ ಸಾಧಿಸಿಲ್ಲ.

ಸದ್ದೂ ಹಾಗೆಯೇ. ಬುಲೆಟ್ಟಿನಂಥ ಒಂಟಿ ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಸ್ಫೋಟ. ನಿಮಿಷಕ್ಕೆ 3000 ಸುತ್ತಿದ್ದರೆ ಸೆಕೆಂಡಿಗೆ 25 ಸ್ಫೋಟಗಳು. ಮೈಸೂರಿನಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಬಂಡಿಗಳದು ಎರಡು ಹೊಡೆತದ ಎಂಜಿನ್ನು. ಸುತ್ತಿಗೊಂದು ಸ್ಫೋಟ, ಅದೇ ವೇಗದಲ್ಲಿ ಸೆಕೆಂಡಿಗೆ 50. ಎರಡರ ದನಿಗಳು ಅಷ್ಟು ಬೇರೆಯಾಗಿ ಕೇಳುವುದಕ್ಕೆ ಮುಖ್ಯ ಕಾರಣವಿದು. ಕಿಕ್ಕಿನ ಸನ್ನೆಯನ್ನೇ ಮುಂದಕ್ಕೆ ಮಡಚಿ ಗೇರಿನ ಸನ್ನೆಯಾಗಿ ಬಳಸುತ್ತಿದ್ದ ಆ ಮೈಸೂರು ಬಂಡಿಗಳ ದನಿಯನ್ನು ಬೀದಿಯ ಕೊನೆಯಿಂದಲೇ ಗುರುತಿಸುವವರು ಇಂದಿಗೂ ಇದ್ದಾರೆ. ಆ ದನಿಯಿಂದ ಸವಾರನು ವೇಗವನ್ನು ಅರಿಯುತ್ತಿದ್ದನು, ಗೇರು ಬದಲಿಸುವ ಹೊತ್ತನ್ನು ಅರಿಯುತ್ತಿದ್ದನು, ಎಂಜಿನ್ನಿನ ಕಾಯಿಲೆಯನ್ನೂ ಅರಿಯುತ್ತಿದ್ದನು. ರಸ್ತೆ ದಾಟುವವನಿಗೆ ಅದೇ ಎಚ್ಚರಿಕೆಯೂ ಆಗಿತ್ತು. ಶಬ್ದವಿಲ್ಲದ ಬಂಡಿಯಲ್ಲಿ ಈ ತಿಳಿವಳಿಕೆಯೆಲ್ಲ ಕಿವಿಯಿಂದ ಕಣ್ಣಿಗೆ, ಮುಂದಿರುವ ಪರದೆಯ ಅಂಕಿಗಳಿಗೆ ವರ್ಗವಾಗುತ್ತದೆ.

ತಯಾರಕರು ಈ ಸಂದೇಹವನ್ನು ಅರಿಯದವರಲ್ಲ. 2019ರಲ್ಲಿ ಬಂದ ರಿವೋಲ್ಟ್ ಎಂಬ ವಿದ್ಯುತ್ ಮೋಟಾರು ಸೈಕಲ್ಲಿನಲ್ಲಿ ಎಂಜಿನ್ನಿನ ಸದ್ದನ್ನು ಹೊರಡಿಸುವ ಧ್ವನಿವರ್ಧಕವನ್ನು ಅಳವಡಿಸಲಾಗಿತ್ತು. ಸವಾರನು ತನಗೆ ಬೇಕಾದ ದನಿಯನ್ನು ಆರಿಸಿಕೊಳ್ಳಬಹುದು. ಅಹಮದಾಬಾದಿನ ಮ್ಯಾಟರ್ ಸಂಸ್ಥೆಯ ಏರಾ ಎಂಬ ವಿದ್ಯುತ್ ಮೋಟಾರು ಸೈಕಲ್ಲಿಗೆ ಕಾಲಿನಿಂದ ಬದಲಿಸುವ ನಾಲ್ಕು ಗೇರುಗಳಿವೆ. ಇದರಿಂದ ಚಿಕ್ಕ ಮೋಟಾರಿನಿಂದಲೇ ಏರುದಾರಿಯಲ್ಲಿ ಹೆಚ್ಚಿನ ತಿರುಚುಬಲವನ್ನು ಪಡೆಯಬಹುದೆಂಬ ಪ್ರಯೋಜನ ಉಂಟು. ಹಲ್ಲುಚಕ್ರಗಳ ತೂಕ, ಅವುಗಳಿಗೆ ಹಾಕಬೇಕಾದ ಎಣ್ಣೆ, ಘರ್ಷಣೆಯ ನಷ್ಟ ಇವು ಅದರ ಹಿಂದೆಯೇ ಮರಳಿ ಬರುತ್ತವೆ.